ಹಳೇ ಕಂಪ್ಯೂಟರ್‌ನಲ್ಲಿ ಲಿನಕ್ಸ್ ತೆವಳುತ್ತಿದೆಯೇ? ಡಿಸ್ಟ್ರೋ ಬದಲಿಸುವ ಮೊದಲು ದೋಷ ಹುಡುಕಿ

ಹಳೇ ಲ್ಯಾಪ್‌ಟಾಪ್ ನಿಧಾನವಾಯಿತು ಅಂದರೆ ಹೆಚ್ಚಿನವರು ಮಾಡುವ ಮೊದಲ ಕೆಲಸ ಇನ್ನೊಂದು ಡಿಸ್ಟ್ರೋ, ಅಂದರೆ ಲಿನಕ್ಸ್‌ನ ಇನ್ನೊಂದು ಸಿದ್ಧ ರೂಪ, ಹಾಕುವುದು. ಉಬುಂಟು ತೆಗೆದು ಮಿಂಟ್, ಮಿಂಟ್ ತೆಗೆದು ಲುಬುಂಟು, ಅದೂ ಸಾಲದೆ ಪಪ್ಪಿ. ಹೊಸದು ಹಾಕಿದಾಗ ಸ್ವಲ್ಪ ದಿನ ಚುರುಕಾಗಿ ಕಾಣುತ್ತದೆ, ಆಮೇಲೆ ಅದೇ ಗೋಳು. ಕೆಟ್ಟ ಸೆಕ್ಟರ್ ಇರುವ ಡಿಸ್ಕ್, ಒಣಗಿದ ಥರ್ಮಲ್ ಪೇಸ್ಟ್, ಸತ್ತ ಸಿಮಾಸ್ ಬ್ಯಾಟರಿ (ಯಂತ್ರ ಆರಿದಾಗಲೂ ಗಡಿಯಾರ ನಡೆಸುವ ಬಿಲ್ಲೆ), ಫರ್ಮ್‌ವೇರ್ (ಚಿಪ್‌ನೊಳಗೆ ಓಡುವ ತಂತ್ರಾಂಶ) ಇಲ್ಲದೆ ಕೈಕಟ್ಟಿ ಕೂತ ಗ್ರಾಫಿಕ್ಸ್ ಚಿಪ್: ಇವು ಯಾವುವೂ ಡಿಸ್ಟ್ರೋ ಬದಲಿಸಿದರೆ ಹೋಗುವ ದೋಷಗಳಲ್ಲ. ಅಳತೆ ಮಾಡಿದರೆ ಅರ್ಧ ಗಂಟೆಯಲ್ಲಿ ದೋಷ ಯಾವ ಭಾಗದಲ್ಲಿದೆ ಎಂದು ಗೊತ್ತಾಗುತ್ತದೆ.

ಇಲ್ಲಿ ಹೇಳಿರುವುದು ಸುಮಾರು 2005ರಿಂದ 2012ರ ನಡುವಿನ ಯಂತ್ರಗಳಿಗೆ: ಪೆಂಟಿಯಂ ಎಂ, ಆಟಂ ನೆಟ್‌ಬುಕ್, ಕೋರ್ 2 ಡ್ಯುಯೋ, ಮೊದಲ ತಲೆಮಾರಿನ ಕೋರ್ ಐ3, ಐ5. ಹಂತಗಳು ಡೆಬಿಯನ್‌ಗೂ ಅದನ್ನು ಆಧರಿಸಿದ ಡಿಸ್ಟ್ರೋಗಳಿಗೂ ಹೊಂದುತ್ತವೆ. ಆಂಟಿಎಕ್ಸ್ ಎಂಬ ಡಿಸ್ಟ್ರೋದಲ್ಲಿ ಸರ್ವಿಸ್‌ಗಳನ್ನು ನಡೆಸುವ ಸಿಸ್ಟಂಡಿ ಇಲ್ಲದ್ದರಿಂದ ಸರ್ವಿಸ್‌ಗಳಿಗೆ ಸಂಬಂಧಿಸಿದ ಭಾಗ ಮಾತ್ರ ಬೇರೆಯಾಗುತ್ತದೆ. ಮೊದಲೇ ನಾಲ್ಕು ಪ್ಯಾಕೇಜ್ ಹಾಕಿಟ್ಟುಕೊಳ್ಳಿ: ಸ್ಮಾರ್ಟ್‌ಮಾನ್‌ಟೂಲ್ಸ್, ಎಲ್‌ಎಂ-ಸೆನ್ಸರ್ಸ್, ಎಚ್‌ಡಿಪಾರ್ಮ್, ಮೆಸಾ-ಯುಟಿಲ್ಸ್. ವಿಎಂಸ್ಟ್ಯಾಟ್, ಟಾಪ್, ಫ್ರೀ ಸಾಮಾನ್ಯವಾಗಿ ಇದ್ದೇ ಇರುತ್ತವೆ.

ಶುರು ಇಲ್ಲಿಂದ: ವಿಎಂಸ್ಟ್ಯಾಟ್

ಯಂತ್ರ ತೆವಳುತ್ತಿರುವಾಗಲೇ ಅಳೆಯಬೇಕು. ಸುಮ್ಮನೆ ಕೂತಿರುವ ಯಂತ್ರ ಏನನ್ನೂ ಹೇಳುವುದಿಲ್ಲ. ನಿಮಗೆ ತೊಂದರೆ ಕೊಡುವ ಕೆಲಸವನ್ನೇ, ಅಂದರೆ ಬ್ರೌಸರ್ ತೆರೆಯುವುದೋ ಲಿಬ್ರೆ ಆಫೀಸ್ ಫೈಲ್ ತೆರೆಯುವುದೋ, ಶುರು ಮಾಡಿ. ಪಕ್ಕದ ಟರ್ಮಿನಲ್‌ನಲ್ಲಿ ವಿಎಂಸ್ಟ್ಯಾಟ್ ಎಂದು ಬರೆದು, ಜಾಗ ಬಿಟ್ಟು 2 ಎಂದು ಹಾಕಿ ಎಂಟರ್ ಒತ್ತಿ. ಎರಡು ಸೆಕೆಂಡಿಗೊಂದು ಸಾಲು ಬರುತ್ತದೆ. ಮೊದಲ ಸಾಲು ಬೂಟ್ ಆದಾಗಿನಿಂದ ಈವರೆಗಿನ ಸರಾಸರಿ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ನೋಡಬೇಕಾದ ಕಾಲಂಗಳು ಕೆಲವೇ. ‘ಬಿ’ ಅಂದರೆ ಡಿಸ್ಕ್‌ನಿಂದ ಉತ್ತರ ಬರಲಿ ಎಂದು ಕಾದು ನಿಂತ ಪ್ರೊಸೆಸ್‌ಗಳ ಸಂಖ್ಯೆ. ‘ಎಸ್‌ಐ’ ಮತ್ತು ‘ಎಸ್‌ಒ’ ಅಂದರೆ ಪ್ರತಿ ಸೆಕೆಂಡಿಗೆ ಸ್ವಾಪ್‌ನಿಂದ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕ್‌ನ ಜಾಗ) ಒಳಗೆ ಬಂದ, ಸ್ವಾಪ್‌ಗೆ ಹೊರಗೆ ಹೋದ ಕಿಲೋಬೈಟ್‌ಗಳು. ಕೊನೆಯ ಕಡೆ ಇರುವ ‘ಯುಎಸ್’, ‘ಐಡಿ’, ‘ಡಬ್ಲ್ಯುಎ’ ಮೂರೂ ಶೇಕಡಾವಾರು: ಪ್ರೋಗ್ರಾಂಗಳು ತಿಂದ ಸಿಪಿಯು, ಖಾಲಿ ಕೂತ ಸಿಪಿಯು, ಡಿಸ್ಕ್‌ಗಾಗಿ ಕಾಯುತ್ತಾ ಕೂತ ಸಿಪಿಯು.

ಒಂದು ಸಾಲಿನಲ್ಲಿ ಬಿ 4, ಎಸ್‌ಐ 3820, ಎಸ್‌ಒ 5116, ಡಬ್ಲ್ಯುಎ 71 ಎಂದಿದೆ ಅಂದುಕೊಳ್ಳಿ. ಇದು ರ‍್ಯಾಮ್ ಕೊರತೆ. ಡಿಸ್ಕ್ ಒದ್ದಾಡುತ್ತಿರುವುದು ಸ್ವಾಪ್‌ನಿಂದಾಗಿ. ಇನ್ನೊಂದು ಯಂತ್ರದಲ್ಲಿ ಎಸ್‌ಐ, ಎಸ್‌ಒ ಎರಡೂ ಸೊನ್ನೆ, ಆದರೆ ಡಬ್ಲ್ಯುಎ 60, 70, 50 ಎಂದು ಓಡುತ್ತಿದೆ. ಅಲ್ಲಿ ರ‍್ಯಾಮ್ ಸಾಕಷ್ಟಿದೆ, ಡಿಸ್ಕೇ ನಿಧಾನ ಅಥವಾ ಕೆಟ್ಟಿದೆ. ಇಂಥ ಯಂತ್ರಕ್ಕೆ ಇನ್ನೂ 2 ಜಿಬಿ ರ‍್ಯಾಮ್ ತಂದು ಹಾಕಿದರೆ ದುಡ್ಡು ದಂಡ. ಮೂರನೆಯ ಬಗೆ: ಡಬ್ಲ್ಯುಎ ಸೊನ್ನೆ, ಯುಎಸ್ 95ರ ಮೇಲೆ. ಆಗ ಟಾಪ್ ತೆರೆದು ಯಾರು ತಿನ್ನುತ್ತಿದ್ದಾರೆ ನೋಡಿ. ಬ್ರೌಸರ್ ಆದರೆ ವಿಡಿಯೋ, ಎಕ್ಸ್‌ಆರ್ಗ್ ಅಥವಾ ಗ್ನೋಮ್-ಶೆಲ್ ಆದರೆ ಗ್ರಾಫಿಕ್ಸ್. ಯಾವ ಕೆಲಸ ಮಾಡಿದರೂ ಹೀಗೇ ಆಗುತ್ತಿದ್ದರೆ ಬಿಸಿ. ಎಲ್ಲ ಕಾಲಂಗಳೂ ತಣ್ಣಗಿದ್ದು ಐಡಿ 90ರ ಮೇಲಿದ್ದರೂ ಪುಟ ತೆರೆಯುತ್ತಿಲ್ಲ ಎಂದಾದರೆ ತೊಂದರೆ ಯಂತ್ರದ್ದಲ್ಲ, ನೆಟ್‌ವರ್ಕ್‌ನದು.

ಎರಡು ಕೋರ್ ಯಂತ್ರದಲ್ಲಿ ಒಂದೇ ಒಂದು ಪ್ರೊಸೆಸ್ ಡಿಸ್ಕ್‌ಗೆ ಕಾದರೂ ಡಬ್ಲ್ಯುಎ 50ರ ಆಸುಪಾಸು ತೋರಿಸುತ್ತದೆ. ‘ಬರೀ 50 ತಾನೇ’ ಎಂದು ಬಿಟ್ಟುಬಿಡಬೇಡಿ, ಆ ಪ್ರೊಸೆಸ್ ಪೂರ್ತಿ ನಿಂತುಹೋಗಿದೆ ಎಂದರ್ಥ.

ಡಿಸ್ಕ್

ಹಳೇ ಯಂತ್ರಗಳ ತೆವಳಾಟಕ್ಕೆ ಅತಿ ಸಾಮಾನ್ಯ ಕಾರಣ ಇದೇ. 5400 ಆರ್‌ಪಿಎಂ ಲ್ಯಾಪ್‌ಟಾಪ್ ಡಿಸ್ಕ್‌ನ ತಟ್ಟೆ ಅರ್ಧ ಸುತ್ತು ತಿರುಗಲು 5.6 ಮಿಲಿಸೆಕೆಂಡ್ ಬೇಕು. ಅದರ ಮೇಲೆ ತಲೆ ಸರಿಯಾದ ಟ್ರ್ಯಾಕ್‌ಗೆ ಬರಲು ಇನ್ನೂ ಸುಮಾರು ಅಷ್ಟೇ ಅಥವಾ ಎರಡರಷ್ಟು ಹೊತ್ತು. ಅಂದರೆ ಸೆಕೆಂಡಿಗೆ 70–80 ಕಡೆ ಓದಬಹುದು, ಅಷ್ಟೇ. ಒಂದೊಂದು ಸಲಕ್ಕೆ 4 ಕಿಲೋಬೈಟ್ ಎಂದರೆ ಸೆಕೆಂಡಿಗೆ ಸುಮಾರು 300 ಕಿಲೋಬೈಟ್. ಫೈರ್‌ಫಾಕ್ಸ್ ತೆರೆಯುವಾಗ ಚೂರುಚೂರಾಗಿ ಹರಡಿರುವ ಸಾವಿರಾರು ತುಣುಕುಗಳನ್ನು ಓದಬೇಕು. ದೊಡ್ಡ ಫೈಲ್ ಕಾಪಿ ಮಾಡುವಾಗ 50 ಎಂಬಿ ವೇಗ ತೋರಿಸುವ ಡಿಸ್ಕ್, ಬ್ರೌಸರ್ ತೆರೆಯಲು ಅರ್ಧ ನಿಮಿಷ ತೆಗೆದುಕೊಳ್ಳುವುದು ಇದರಿಂದಲೇ.

ಆದರೆ ನಿಧಾನವೇ ಬೇರೆ, ಕೆಡುವುದೇ ಬೇರೆ. ಕೆಟ್ಟಿದೆಯೇ ಎಂದು ತಿಳಿಯಲು ರೂಟ್ (ಆಡಳಿತಗಾರ) ಆಗಿ ಸ್ಮಾರ್ಟ್‌ಸಿಟಿಎಲ್‌ಗೆ ಮೈನಸ್ ಎ ಆಯ್ಕೆ ಕೊಟ್ಟು ಡಿಸ್ಕ್‌ನ ಹೆಸರು ಬರೆಯಿರಿ. ಮೇಲ್ಗಡೆ ‘ಪಾಸ್ಡ್’ ಎಂದು ಬಂದರೆ ಸಮಾಧಾನಪಡಬೇಡಿ. ಸಾಯುವ ಹಂತದ ಡಿಸ್ಕ್‌ಗಳೂ ಪಾಸ್ಡ್ ಎನ್ನುತ್ತವೆ. ಕೆಳಗಿನ ಪಟ್ಟಿಯಲ್ಲಿ ಎಡಗಡೆ ಸಂಖ್ಯೆ ನೋಡಿಕೊಂಡು ಬಲತುದಿಯ ಕಚ್ಚಾ ಮೌಲ್ಯ ಓದಿ. 5ನೇದು ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳು. ಇದು ಸಣ್ಣ ಸಂಖ್ಯೆಯಲ್ಲಿ ನಿಂತೇ ಇದ್ದರೆ ನಡೆಯುತ್ತದೆ, ವಾರದಿಂದ ವಾರಕ್ಕೆ ಏರುತ್ತಿದ್ದರೆ ನಡೆಯುವುದಿಲ್ಲ. 197ನೇದು ಓದಲಾಗದೆ ಉಳಿದ ಸೆಕ್ಟರ್‌ಗಳು. ಇಲ್ಲಿ ಸೊನ್ನೆ ಬಿಟ್ಟು ಏನಿದ್ದರೂ ಅದೇ ನಿಮ್ಮ ದೋಷ. ಆ ಜಾಗ ಬಂದಾಗಲೆಲ್ಲ ಡಿಸ್ಕ್ ಮತ್ತೆ ಮತ್ತೆ ಓದಲು ನೋಡುತ್ತದೆ. ಲಿನಕ್ಸ್‌ನ ತಿರುಳಾದ ಕರ್ನಲ್ ಸಾಮಾನ್ಯವಾಗಿ 30 ಸೆಕೆಂಡ್ ಕಾಯುತ್ತದೆ, ಆಮೇಲೆ ಕೊಂಡಿಯನ್ನು ರೀಸೆಟ್ ಮಾಡಿ ಇನ್ನೊಮ್ಮೆ ಪ್ರಯತ್ನಿಸುತ್ತದೆ. ಮೌಸ್ ಓಡಾಡುತ್ತಿದೆ, ಆದರೆ ಏನೂ ತೆರೆಯುತ್ತಿಲ್ಲ, ಅರ್ಧ ನಿಮಿಷದ ಮೇಲೆ ಒಮ್ಮೆಗೇ ಎಲ್ಲ ತೆರೆದುಕೊಂಡಿತು ಎನ್ನುವುದು ಇದರ ಸ್ಪಷ್ಟ ಲಕ್ಷಣ. ಕರ್ನಲ್‌ನ ಸಂದೇಶಗಳನ್ನು ತೋರಿಸುವ ಡಿಮೆಸೇಜ್‌ನಲ್ಲಿ ಎಟಿಎ ಎಂದು ಶುರುವಾಗುವ ಕೆಂಪು ಸಾಲುಗಳೂ ಐಒ ಎರರ್‌ಗಳೂ ಸಿಗುತ್ತವೆ.

197 ಸೊನ್ನೆಯಲ್ಲದಿದ್ದರೆ ಫೈಲ್‌ಸಿಸ್ಟಂ ರಿಪೇರಿ ಮಾಡುವ ಎಫ್‌ಎಸ್‌ಸಿಕೆ ಓಡಿಸಲು ಹೋಗಬೇಡಿ. ಮೊದಲು ಫೈಲ್‌ಗಳನ್ನು ಹೊರಗಿನ ಡಿಸ್ಕ್‌ಗೆ ತೆಗೆಯಿರಿ, ಸಾಮಾನ್ಯ ಕಾಪಿ ನಿಂತುಹೋಗುತ್ತಿದ್ದರೆ ಕೆಟ್ಟ ಜಾಗ ದಾಟಿ ಉಳಿದದ್ದನ್ನು ತೆಗೆಯುವ ಡಿಡಿರೆಸ್ಕ್ಯೂ ಬಳಸಿ. ಎಫ್‌ಎಸ್‌ಸಿಕೆ ಬರೆಯುವ ಕೆಲಸವನ್ನೂ ಮಾಡುತ್ತದೆ. ಕುಸಿಯುತ್ತಿರುವ ಡಿಸ್ಕ್‌ನ ಮೇಲೆ ಬರೆಯುವುದು ಇದ್ದದ್ದನ್ನೂ ಕಳೆಯುವ ದಾರಿ.

199ನೇ ಸಾಲು ಏರುತ್ತಿದ್ದರೆ ತಪ್ಪು ಸಾಮಾನ್ಯವಾಗಿ ಕೇಬಲ್‌ನದು. ಡೆಸ್ಕ್‌ಟಾಪ್‌ನಲ್ಲಿ ಸಾಟಾ ಕೇಬಲ್ ಬದಲಿಸಿ, ಲ್ಯಾಪ್‌ಟಾಪ್‌ನಲ್ಲಿ ಡಿಸ್ಕ್ ಕಳಚಿ ಕನೆಕ್ಟರ್ ಒರೆಸಿ ಮತ್ತೆ ಕೂರಿಸಿ. ಹಳೇ ಲೆಕ್ಕ ಅಳಿಸುವುದಿಲ್ಲ, ಆದ್ದರಿಂದ ಸಂಖ್ಯೆ ಬರೆದಿಟ್ಟುಕೊಂಡು ಮುಂದೆ ಏರುತ್ತದೆಯೇ ನೋಡಬೇಕು. ಸಾಟಾಗಿಂತ ಹಳೇದಾದ ಐಡಿಇ ಡಿಸ್ಕ್ ಇರುವ ಡೆಸ್ಕ್‌ಟಾಪ್‌ಗಳಲ್ಲಿ ಇನ್ನೊಂದು ತೊಡಕು: 80 ತಂತಿಯ ಕೇಬಲ್ ಇರಬೇಕಾದ ಜಾಗದಲ್ಲಿ ಸಿಡಿ ಡ್ರೈವ್‌ನ 40 ತಂತಿಯ ಕೇಬಲ್ ಹಾಕಿರುತ್ತಾರೆ. ಆಗ ಕರ್ನಲ್ ವೇಗವನ್ನು ಯುಡಿಎಂಎ 33ಕ್ಕೆ ಇಳಿಸಿ, 40 ತಂತಿಯ ಕೇಬಲ್ ಕಾರಣ ಎಂದು ಡಿಮೆಸೇಜ್‌ನಲ್ಲಿ ಬರೆದೇ ಬರೆಯುತ್ತದೆ. ಎಚ್‌ಡಿಪಾರ್ಮ್‌ನ ಮೈನಸ್ ಟಿ ಪರೀಕ್ಷೆ ಸೆಕೆಂಡಿಗೆ 3–4 ಎಂಬಿ ತೋರಿಸಿದರೆ ಡಿಎಂಎ (ಸಿಪಿಯು ನೆರವಿಲ್ಲದೆ ಡೇಟಾ ಸಾಗಿಸುವ ವಿಧಾನ) ಸಂಪೂರ್ಣ ನಿಂತು, ಸಿಪಿಯುವೇ ಡೇಟಾ ಹೊರುವ ಪಿಐಒ ಮೋಡ್‌ಗೆ ಬಿದ್ದಿದೆ. ಬಯೋಸ್‌ನಲ್ಲಿ ಡಿಸ್ಕ್ ಮೋಡ್ ನೋಡಿ, ಎಎಚ್‌ಸಿಐ ಆಯ್ಕೆ ಇದ್ದರೆ ಅದನ್ನೇ ಇಡಿ. ಡೆಬಿಯನ್‌ನ ಮಾಮೂಲಿ ಇನಿಟ್‌ರ‍್ಯಾಮ್‌ಎಫ್‌ಎಸ್‌ನಲ್ಲಿ (ಬೂಟ್‌ನ ಆರಂಭದಲ್ಲಿ ಓಡುವ ಪುಟ್ಟ ವ್ಯವಸ್ಥೆ) ಎಎಚ್‌ಸಿಐ ಡ್ರೈವರ್ ಇರುವುದರಿಂದ ಮೋಡ್ ಬದಲಿಸಿದರೂ ಬೂಟ್ ತಪ್ಪುವುದಿಲ್ಲ.

ಡಿಸ್ಕ್ ಚೆನ್ನಾಗಿದ್ದು ಬರೀ ನಿಧಾನವಾಗಿದ್ದರೂ ಒಂದು 120 ಅಥವಾ 240 ಜಿಬಿ ಸಾಟಾ ಎಸ್‌ಎಸ್‌ಡಿ ಹಾಕಿಸುವುದೇ ಒಳ್ಳೆಯದು. ‘ನನ್ನದು ಸಾಟಾ 1, ಎಸ್‌ಎಸ್‌ಡಿ ಹಾಕಿ ಏನು ಪ್ರಯೋಜನ’ ಎಂಬ ಅನುಮಾನ ಬೇಡ. 1.5 ಗಿಗಾಬಿಟ್ ಕೊಂಡಿಯಲ್ಲಿ 130 ಎಂಬಿ ಸುತ್ತಮುತ್ತ ಸಿಕ್ಕರೂ, ನಮಗೆ ಬೇಕಾದದ್ದು ಚೂರುಚೂರು ಓದುವ ವೇಗ, ಅದು ಹತ್ತಾರು ಪಟ್ಟು ಹೆಚ್ಚುತ್ತದೆ. ಐಡಿಇ ಲ್ಯಾಪ್‌ಟಾಪ್ ಆದರೆ 44 ಪಿನ್‌ನ ಅಡಾಪ್ಟರ್‌ನಲ್ಲಿ ಎಂಸಾಟಾ ಎಸ್‌ಎಸ್‌ಡಿ ಕೂರಿಸಬಹುದು. ಹಾಕಿದ ಮೇಲೆ ಖಾಲಿಯಾದ ಜಾಗವನ್ನು ಎಸ್‌ಎಸ್‌ಡಿಗೆ ತಿಳಿಸುವ ಎಫ್‌ಎಸ್‌ಟ್ರಿಮ್ ಟೈಮರ್ ಚಾಲೂ ಇದೆಯೇ ನೋಡಿ, ವಾರಕ್ಕೊಮ್ಮೆ ಅದು ತಾನೇ ಓಡುತ್ತದೆ.

ರ‍್ಯಾಮ್

ಫ್ರೀ ಕಮಾಂಡ್‌ನಲ್ಲಿ ‘ಫ್ರೀ’ ಕಾಲಂ ನೋಡಿ ಹೆದರುವವರೇ ಜಾಸ್ತಿ. ಅದು ಕಡಿಮೆ ಇರುವುದೇ ಸರಿ, ಉಳಿದ ರ‍್ಯಾಮನ್ನು ಕರ್ನಲ್ ಫೈಲ್ ಕ್ಯಾಶ್‌ಗೆ ಬಳಸಿಕೊಂಡಿರುತ್ತದೆ. ನೋಡಬೇಕಾದ್ದು ‘ಅವೈಲಬಲ್’. ಬ್ರೌಸರ್ ತೆರೆದಿರುವಾಗ ಇದು 150–200 ಎಂಬಿಗಿಂತ ಕೆಳಗೆ ಬಂದರೆ ಕೊರತೆ ಇದೆ.

ಸ್ಲಾಟ್ ಖಾಲಿ ಇದ್ದರೆ ರ‍್ಯಾಮ್ ಹಾಕಿಸಿ, ಆದರೆ ಚಿಪ್‌ಸೆಟ್‌ನ ಮಿತಿ ತಿಳಿದುಕೊಂಡು. ಇಂಟೆಲ್ 945 ಚಿಪ್‌ಸೆಟ್‌ನಲ್ಲಿ 4 ಜಿಬಿ ಕೂರಿಸಿದರೂ ಸಿಗುವುದು 3ರಿಂದ 3.3 ಜಿಬಿ. ಉಳಿದ ವಿಳಾಸಗಳು ಪಿಸಿಐ ಸಾಧನಗಳ ಪಾಲಾಗಿರುತ್ತವೆ, 64 ಬಿಟ್ ಕರ್ನಲ್ ಹಾಕಿದರೂ ಅವು ಬರುವುದಿಲ್ಲ. ಆಟಂ ಎನ್270 ನೆಟ್‌ಬುಕ್‌ಗಳ ಮಿತಿ 2 ಜಿಬಿ. ಹಳೇ ಡಿಡಿಆರ್2 ಕಡ್ಡಿ ಕೊಂಡ ದಿನವೇ ಮೆಮ್‌ಟೆಸ್ಟ್86+ ಕನಿಷ್ಠ ಒಂದು ಪೂರ್ತಿ ಸುತ್ತು ಓಡಿಸಿ. ಒಂದೇ ಒಂದು ಕೆಂಪು ಸಾಲು ಬಂದರೂ ವಾಪಸ್ ಕೊಡಿ. ಕೆಟ್ಟ ರ‍್ಯಾಮ್ ಬ್ರೌಸರ್ ಟ್ಯಾಬ್ ಕ್ರ್ಯಾಶ್ ಆಗಿ, ಪ್ಯಾಕೇಜ್ ಕೆಟ್ಟಿದೆ ಎಂಬ ಸಂದೇಶವಾಗಿ, ಫೈಲ್‌ಸಿಸ್ಟಂ ಎರರ್ ಆಗಿ, ಬೇರೆ ಬೇರೆ ವೇಷದಲ್ಲಿ ಬರುತ್ತದೆ.

ರ‍್ಯಾಮ್ ಹೆಚ್ಚಿಸಲಾಗದಿದ್ದರೆ ಝಡ್‌ರ‍್ಯಾಮ್. ರ‍್ಯಾಮ್‌ನದೇ ಒಂದು ಭಾಗವನ್ನು ಒತ್ತಿ ಹಿಂಡಿದ ಸ್ವಾಪ್ ಆಗಿ ಬಳಸುವ ಏರ್ಪಾಡು ಇದು. ಸಾಮಾನ್ಯ ಡೇಟಾ ಎರಡು ಮೂರು ಪಟ್ಟು ಕುಗ್ಗುತ್ತದೆ. ಡೆಬಿಯನ್‌ನಲ್ಲಿ ಝಡ್‌ರ‍್ಯಾಮ್-ಟೂಲ್ಸ್ ಪ್ಯಾಕೇಜ್ ಹಾಕಿ, ಇಟಿಸಿ ಒಳಗಿನ ಡೀಫಾಲ್ಟ್ ಫೋಲ್ಡರ್‌ನಲ್ಲಿ ಝಡ್‌ರ‍್ಯಾಮ್‌ಸ್ವಾಪ್ ಫೈಲ್ ತೆರೆಯಿರಿ. ಶೇಕಡಾವಾರು 50 ಇಡಿ, 1 ಜಿಬಿ ಯಂತ್ರವಾದರೆ 75. ಅಲ್ಗಾರಿದಂ ಎಲ್‌ಝಡ್4. ಝಡ್‌ಎಸ್‌ಟಿಡಿ ಇನ್ನೂ ಚೆನ್ನಾಗಿ ಕುಗ್ಗಿಸುತ್ತದೆ, ಆದರೆ ಆಟಂನಂಥ ಸಿಪಿಯು ಅದರ ಭಾರ ಹೊರಲಾರದು. ಆದ್ಯತೆ 100 ಇಡಿ, ಡಿಸ್ಕ್‌ನ ಸ್ವಾಪ್ ಇದ್ದರೆ ಅದು ಕಡಿಮೆ ಆದ್ಯತೆಯಲ್ಲಿ ಉಳಿಯಲಿ. ಜೊತೆಗೆ ಸಿಸ್‌ಸಿಟಿಎಲ್‌ನಲ್ಲಿ ಸ್ವಾಪಿನೆಸ್ (ಎಷ್ಟು ಧಾರಾಳವಾಗಿ ಸ್ವಾಪ್ ಬಳಸಬೇಕು ಎಂಬುದು) 100ರಿಂದ 150, ಪೇಜ್-ಕ್ಲಸ್ಟರ್ (ಸ್ವಾಪ್‌ನಿಂದ ಒಮ್ಮೆಗೆ ಎಷ್ಟು ಓದಬೇಕು ಎಂಬುದು) 0. ಸ್ವಾಪಿನೆಸ್ ಅನ್ನು 10ಕ್ಕೆ ಇಳಿಸಿ ಎಂಬ ಹಳೇ ಸಲಹೆ ಡಿಸ್ಕ್ ಸ್ವಾಪ್ ಕಾಲದ್ದು, ಝಡ್‌ರ‍್ಯಾಮ್ ಇದ್ದಾಗ ಅದರಿಂದ ನಷ್ಟವೇ ಹೆಚ್ಚು. 100ಕ್ಕಿಂತ ಹೆಚ್ಚಿನ ಮೌಲ್ಯಕ್ಕೆ ಕರ್ನಲ್ 5.8 ಅಥವಾ ಹೊಸದು ಬೇಕು.

ಝಡ್‌ರ‍್ಯಾಮ್ ಹಾಕಿದ ಮೇಲೂ ಸುಧಾರಿಸದಿದ್ದರೆ ಎರಡು ಕಡೆ ನೋಡಿ. ಡಿಸ್ಕ್ ಸ್ವಾಪ್‌ನ ಮುಂದೆ ಕೂತು ಇದೇ ರೀತಿ ಹಿಂಡುವ ಝಡ್‌ಸ್ವಾಪ್ ಕೂಡ ಚಾಲೂ ಇದ್ದರೆ ಎರಡೂ ಒಂದರ ಕೆಲಸಕ್ಕೆ ಇನ್ನೊಂದು ಅಡ್ಡ ಬರುತ್ತವೆ, ಒಂದನ್ನು ನಿಲ್ಲಿಸಿ. ಇನ್ನೊಂದು, ಝಡ್‌ರ‍್ಯಾಮ್ ತುಂಬಿಹೋದ ಸ್ಥಿತಿ. ಮೊದಲು ಹೊರಹೋದ, ಯಾರೂ ಕೇಳದ ಮೆಮೊರಿ ಪುಟಗಳು (ರ‍್ಯಾಮ್‌ನ ತುಣುಕುಗಳು) ವೇಗದ ಝಡ್‌ರ‍್ಯಾಮ್‌ನಲ್ಲಿ ಬೀಡುಬಿಟ್ಟು, ಆಮೇಲಿನ ಬಿಸಿಬಿಸಿ ಪುಟಗಳು ನಿಧಾನದ ಡಿಸ್ಕ್‌ಗೆ ಬೀಳುತ್ತವೆ. ಆಗ ಎಷ್ಟೇ ತಿದ್ದಿದರೂ ಆಗುವುದಿಲ್ಲ, ಟ್ಯಾಬ್ ಕಡಿಮೆ ಮಾಡಬೇಕು. ಅರ್ಲಿಊಮ್ ಎಂಬ ಪುಟ್ಟ ಪ್ರೋಗ್ರಾಂ ಹಾಕಿಟ್ಟರೆ ಯಂತ್ರ ಪೂರ್ತಿ ಹೆಪ್ಪುಗಟ್ಟುವ ಮೊದಲೇ ಅತಿ ಹೆಚ್ಚು ತಿನ್ನುತ್ತಿರುವ ಪ್ರೊಸೆಸ್‌ ನಿಲ್ಲುತ್ತದೆ. ಪವರ್ ಬಟನ್ ಒತ್ತಿ ಹಿಡಿದು ಆರಿಸುವುದಕ್ಕಿಂತ ಒಂದು ಟ್ಯಾಬ್ ಹೋಗುವುದು ಮೇಲು.

ಡೆಬಿಯನ್ 13ಕ್ಕೆ ಬಂದ ಮೇಲೆ ಇದ್ದಕ್ಕಿದ್ದಂತೆ ರ‍್ಯಾಮ್ ಸಾಲದಾಗಿದ್ದರೆ ತಾತ್ಕಾಲಿಕ ಫೈಲ್‌ಗಳ ಟಿಎಂಪಿ ಫೋಲ್ಡರ್ ನೋಡಿ. ಈ ಆವೃತ್ತಿಯಿಂದ ಅದು ಡಿಸ್ಕ್‌ನಲ್ಲಿರದೆ ರ‍್ಯಾಮ್‌ನಲ್ಲಿರುತ್ತದೆ, ರ‍್ಯಾಮ್‌ನ ಅರ್ಧದವರೆಗೂ ಬೆಳೆಯಬಹುದು. ದೊಡ್ಡ ಪಿಡಿಎಫ್‌ಗಳನ್ನೋ ವಿಡಿಯೋ ತುಣುಕುಗಳನ್ನೋ ಅಲ್ಲಿ ಇಳಿಸಿಕೊಳ್ಳುವ ಪ್ರೋಗ್ರಾಂ ಇದ್ದರೆ 2 ಜಿಬಿ ಯಂತ್ರ ಉಸಿರುಗಟ್ಟುತ್ತದೆ. ಸಿಸ್ಟಂಸಿಟಿಎಲ್‌ನಲ್ಲಿ ಟಿಎಂಪಿ ಡಾಟ್ ಮೌಂಟ್ ಅನ್ನು ಮಾಸ್ಕ್ ಮಾಡಿ ರೀಬೂಟ್ ಮಾಡಿದರೆ ಹಳೇ ಪದ್ಧತಿಗೆ ಮರಳುತ್ತದೆ.

ಇನ್ನು ಬ್ರೌಸರ್. ಡೆಸ್ಕ್‌ಟಾಪ್ 300 ಎಂಬಿ ತಿನ್ನುತ್ತದೋ 600 ಎಂಬಿ ತಿನ್ನುತ್ತದೋ ಎಂಬ ಚರ್ಚೆಗಿಂತ ಇದು ಮುಖ್ಯ, ಏಕೆಂದರೆ ಒಂದು ಭಾರದ ಪುಟವೇ ಆ ವ್ಯತ್ಯಾಸವನ್ನು ನುಂಗಿಹಾಕುತ್ತದೆ. ಫೈರ್‌ಫಾಕ್ಸ್‌ನ ವಿಳಾಸಪಟ್ಟಿಯಲ್ಲಿ ಅಬೌಟ್, ಕೋಲನ್, ಪ್ರೊಸೆಸಸ್ ಎಂದು ಬರೆದರೆ ಯಾವ ಪುಟ ಎಷ್ಟು ತಿನ್ನುತ್ತಿದೆ ಎಂದು ಕಾಣುತ್ತದೆ. ಯುಬ್ಲಾಕ್ ಆರಿಜಿನ್ ಹಾಕಿದರೆ ಜಾಹೀರಾತಿನ ಭಾರ ಕಳೆಯುತ್ತದೆ. ಹಳೇ ಯಂತ್ರದಲ್ಲಿ ಇದು ಸೌಕರ್ಯವಲ್ಲ, ಅಗತ್ಯ.

ಬಿಸಿ

ಲೋಡ್ ಕೊಟ್ಟು ಸೆನ್ಸರ್ಸ್ ಕಮಾಂಡ್ ನೋಡಿ. ಕೋರ್ 2 ಡ್ಯುಯೋ ಲ್ಯಾಪ್‌ಟಾಪ್ ಸುಮ್ಮನಿದ್ದಾಗ 45–55 ಡಿಗ್ರಿ, ಕೆಲಸದಲ್ಲಿ 75–80 ಇದ್ದರೆ ಚಿಂತೆ ಇಲ್ಲ. 95 ದಾಟುತ್ತಿದ್ದರೆ ಸಿಪಿಯು ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ, ಡಿಮೆಸೇಜ್‌ನಲ್ಲಿ ತಾಪ ಮಿತಿ ಮೀರಿತು, ಕ್ಲಾಕ್ ತಗ್ಗಿಸಲಾಗಿದೆ ಎಂಬ ಸಾಲು ಬರುತ್ತದೆ. ಬೆಳಗ್ಗೆ ಚೆನ್ನಾಗಿದ್ದು ಹತ್ತು ನಿಮಿಷದ ಮೇಲೆ ನಿಧಾನವಾಗುವುದು, ಬೇಸಿಗೆಯಲ್ಲಿ ಹೆಚ್ಚಾಗುವುದು ಇದರ ಗುರುತು.

ಫ್ಯಾನ್ ತಿರುಗುತ್ತಿದೆ ಎಂದ ಮಾತ್ರಕ್ಕೆ ಗಾಳಿ ಹೋಗುತ್ತಿದೆ ಎಂದಲ್ಲ. ಫ್ಯಾನಿಗೂ ತಾಮ್ರದ ರೆಕ್ಕೆಗಳಿಗೂ ನಡುವೆ ದೂಳು ಕಂಬಳಿಯಂತೆ ಹಾಸಿಕೊಂಡಿರುತ್ತದೆ. ಹೊರಗಿನಿಂದ ಊದಿದರೆ ಅದು ಇನ್ನೂ ಒಳಗೆ ಹೋಗಿ ಕೂರುತ್ತದೆ. ಫ್ಯಾನ್ ಬಿಚ್ಚಿಯೇ ತೆಗೆಯಬೇಕು. ಊದುವಾಗ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿಯಿರಿ. ಹಳೇ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಹೊಸದನ್ನು ಸಿಪಿಯು ಮೇಲೆ ತೆಳುವಾಗಿ ಹಚ್ಚಿ. ಪಕ್ಕದ ಗ್ರಾಫಿಕ್ಸ್ ಚಿಪ್‌ನ ಮೇಲೆ ರಬ್ಬರ್‌ನಂಥ ಪ್ಯಾಡ್ ಇದ್ದರೆ ಅಲ್ಲಿ ಪೇಸ್ಟ್ ಹಚ್ಚಬೇಡಿ. ಪ್ಯಾಡ್ ಇರುವ ಕಡೆ ಅದರ ದಪ್ಪದಷ್ಟು ಸಂದು ಇರುತ್ತದೆ, ಪೇಸ್ಟ್ ಅದನ್ನು ತುಂಬಲಾರದು.

ತಾಪ 50 ಡಿಗ್ರಿಯಲ್ಲೇ ಇದ್ದು ವೇಗ ಮಾತ್ರ ಕೆಳಮಟ್ಟಕ್ಕೆ ಅಂಟಿಕೊಂಡಿದ್ದರೆ ಚಾರ್ಜರ್ ಅನುಮಾನಿಸಿ. ಕೆಲವು ಲ್ಯಾಪ್‌ಟಾಪ್‌ಗಳು ಅಡಾಪ್ಟರ್‌ನ ಗುರುತು ಹಿಡಿಯಲಾಗದಿದ್ದರೆ ಸಿಪಿಯುವನ್ನು ಅತಿ ಕಡಿಮೆ ವೇಗದಲ್ಲೇ ಇಡುತ್ತವೆ. ಬೂಟ್ ಆಗುವಾಗ ಅಡಾಪ್ಟರ್ ಗೊತ್ತಾಗುತ್ತಿಲ್ಲ ಎಂಬ ಸಂದೇಶ ಬಂದರೆ, ಅಥವಾ ಚಾರ್ಜರ್ ಕಿತ್ತು ಬರೀ ಬ್ಯಾಟರಿಯಲ್ಲಿ ಓಡಿಸಿದಾಗ ವೇಗ ಮರಳಿದರೆ, ದೋಷ ಅಲ್ಲೇ. ಹಳೇ ಡೆಸ್ಕ್‌ಟಾಪ್ ತಾನಾಗಿ ರೀಸ್ಟಾರ್ಟ್ ಆಗುತ್ತಿದ್ದರೆ ಮದರ್‌ಬೋರ್ಡ್‌ನಲ್ಲಿ ಸಿಪಿಯು ಸುತ್ತಲಿನ ಕೆಪ್ಯಾಸಿಟರ್‌ಗಳ ತಲೆ ನೋಡಿ. ಚಪ್ಪಟೆಯಾಗಿರಬೇಕು, ಉಬ್ಬಿರಬಾರದು.

ಪರದೆ ಮತ್ತು ಗ್ರಾಫಿಕ್ಸ್

ಕಿಟಕಿ ಎಳೆದರೆ ಹಿಂದೆ ಹಿಂದೆ ಬರುತ್ತದೆ, ಪುಟ ಸ್ಕ್ರಾಲ್ ಮಾಡಿದರೆ ಸಿಪಿಯು ಪೂರ್ತಿ ತುಂಬುತ್ತದೆ ಎಂದಾದರೆ ಜಿಎಲ್‌ಎಕ್ಸ್‌ಇನ್ಫೋಗೆ ಮೈನಸ್ ದೊಡ್ಡ ಬಿ ಕೊಟ್ಟು ರೆಂಡರರ್ ಎಂಬ ಸಾಲು ಓದಿ. ಅಲ್ಲಿ ಎಲ್‌ಎಲ್‌ವಿಎಂಪೈಪ್ ಎಂದಿದ್ದರೆ ಗ್ರಾಫಿಕ್ಸ್ ಚಿಪ್ ಕೆಲಸ ಮಾಡುತ್ತಿಲ್ಲ, ಅದರ ಕೆಲಸವನ್ನೆಲ್ಲ ಸಿಪಿಯುವೇ ಮಾಡುತ್ತಿದೆ.

ಇದಕ್ಕೆ ಪದೇ ಪದೇ ಸಿಗುವ ಕಾರಣ, ಇನ್‌ಸ್ಟಾಲ್ ಮಾಡುವಾಗ ಪರದೆ ಕಪ್ಪಾಯಿತು ಎಂದು ಬೂಟ್ ಮೆನು ಆದ ಗ್ರಬ್‌ನಲ್ಲಿ ಸೇರಿಸಿದ, ಗ್ರಾಫಿಕ್ಸ್ ಡ್ರೈವರ್ ತಡೆಯುವ ನೋಮೋಡ್‌ಸೆಟ್ ಅಲ್ಲೇ ಉಳಿದಿರುವುದು. ಅದು ತಾತ್ಕಾಲಿಕ ಊರುಗೋಲು. ಇಟಿಸಿಯ ಡೀಫಾಲ್ಟ್ ಫೋಲ್ಡರ್‌ನ ಗ್ರಬ್ ಫೈಲ್‌ನಿಂದ ಅದನ್ನು ತೆಗೆದು ಅಪ್‌ಡೇಟ್-ಗ್ರಬ್ ಓಡಿಸಿ. ರೇಡಿಯಾನ್ ಕಾರ್ಡ್ ಆಗಿದ್ದು ಆಗ ಪರದೆ ಕಪ್ಪಾದರೆ ಫರ್ಮ್‌ವೇರ್-ಎಎಂಡಿ-ಗ್ರಾಫಿಕ್ಸ್ ಪ್ಯಾಕೇಜ್ ಇಲ್ಲ ಎಂದರ್ಥ. ಡೆಬಿಯನ್ 12ರಿಂದ ಫರ್ಮ್‌ವೇರ್ ಇನ್‌ಸ್ಟಾಲರ್‌ನಲ್ಲೇ ಇದೆ, ಹಳೇದರಿಂದ ಮೇಲೇರಿಸಿದ ಯಂತ್ರಗಳಲ್ಲಿ ಮಾತ್ರ ನಾನ್-ಫ್ರೀ-ಫರ್ಮ್‌ವೇರ್ ವಿಭಾಗವನ್ನು ಕೈಯಾರೆ ಸೇರಿಸಬೇಕಾಗುತ್ತದೆ.

ಎನ್‌ವಿಡಿಯಾದ ಜೀಫೋರ್ಸ್ 8, 9, 200 ಸರಣಿಗೆ ಕಂಪನಿಯ 340 ಡ್ರೈವರ್ ಬೆಂಬಲ 2019ಕ್ಕೇ ಮುಗಿದಿದೆ. ಹೊಸ ಕರ್ನಲ್‌ಗೆ ಅದನ್ನು ಒಗ್ಗಿಸುವ ಹೋರಾಟ ಬಿಟ್ಟು ನೂವೋ ಡ್ರೈವರ್‌ನಲ್ಲೇ ಇರಿ. ಆಗಾಗ ಹೆಪ್ಪುಗಟ್ಟಿದರೆ ಕಾಂಪೊಸಿಟಿಂಗ್ (ಕಿಟಕಿಗಳ ನೆರಳು, ಪಾರದರ್ಶಕತೆಯಂಥ ಪರಿಣಾಮ) ಆಫ್ ಮಾಡಿ. ಜಿಎಂಎ 500, ಜಿಎಂಎ 3600 ಇರುವ ನೆಟ್‌ಬುಕ್‌ಗಳಲ್ಲಿ ಒಳಗಿರುವುದು ಪವರ್‌ವಿಆರ್ ಚಿಪ್. ಲಿನಕ್ಸ್‌ನ ಮುಕ್ತ ಡ್ರೈವರ್‌ನಲ್ಲಿ ಅದಕ್ಕೆ ತ್ರೀಡಿ ವೇಗವರ್ಧನೆ ಇಲ್ಲ. ಇಂಥದ್ದರಲ್ಲಿ ಎಲ್‌ಎಲ್‌ವಿಎಂಪೈಪ್ ಬಿಟ್ಟರೆ ದಾರಿ ಇಲ್ಲದ ಕಾರಣ ಐಸ್‌ಡಬ್ಲ್ಯುಎಂ, ಫ್ಲಕ್ಸ್‌ಬಾಕ್ಸ್, ಎಲ್‌ಎಕ್ಸ್‌ಡಿಇಯಂಥ ತ್ರೀಡಿ ಬೇಡದ ಡೆಸ್ಕ್‌ಟಾಪೇ ಬೇಕು. ಎಕ್ಸ್‌ಎಫ್‌ಸಿಇ ಬಳಸುವವರು ವಿಂಡೋ ಮ್ಯಾನೇಜರ್ ಟ್ವೀಕ್ಸ್‌ನಲ್ಲಿ ಕಾಂಪೊಸಿಟರ್ ಗುರುತು ತೆಗೆಯಿರಿ.

ಯೂಟ್ಯೂಬ್ ತಡವರಿಸುವುದು ಬೇರೆಯೇ ವಿಷಯ. ಅದು ಕಳಿಸುವ ವಿಪಿ9 ಮತ್ತು ಎವಿ1 ಎಂಬ ವಿಡಿಯೋ ರೂಪಗಳನ್ನು ಬಿಡಿಸುವ ಹಾರ್ಡ್‌ವೇರ್ ಈ ಯಂತ್ರಗಳಲ್ಲಿಲ್ಲ. ಹಳೇ ಎಚ್264 ರೂಪದಲ್ಲೇ ವಿಡಿಯೋ ತರಿಸುವ ಎಚ್264ಇಫೈ ಎಂಬ ಎಕ್ಸ್‌ಟೆನ್ಶನ್ ಹಾಕಿ 480ಪಿಗೆ ಇಳಿಸಿ. ಅದೂ ಎಳೆದಾಡಿದರೆ ಎಂಪಿವಿ ಪ್ಲೇಯರ್‌ನಲ್ಲಿ ನೋಡಿ, ಬ್ರೌಸರ್‌ನ ಭಾರ ಇಲ್ಲದೆ ಅದೇ ವಿಡಿಯೋ ಸಲೀಸಾಗಿ ಓಡುವುದುಂಟು.

ಬೂಟ್‌ನಲ್ಲೇ ಒಂದೂವರೆ ನಿಮಿಷ

ಸಿಸ್ಟಂಡಿ-ಅನಲೈಸ್‌ಗೆ ಬ್ಲೇಮ್ ಎಂದು ಸೇರಿಸಿ ಕೊಟ್ಟರೆ ಯಾರು ಎಷ್ಟು ಹೊತ್ತು ತೆಗೆದುಕೊಂಡರು ಎಂದು ತಿಳಿಯುತ್ತದೆ. ಸರಿಯಾಗಿ 90 ಸೆಕೆಂಡ್ ನಿಂತು ಮುಂದೆ ಹೋಗುತ್ತಿದ್ದರೆ ಅದು ನಿಧಾನವಲ್ಲ, ಟೈಮ್‌ಔಟ್. ಸಾಮಾನ್ಯವಾಗಿ ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್‌ನಲ್ಲಿ ಜೋಡಿಸಬೇಕಾದ ಪಾರ್ಟಿಷನ್‌ಗಳ ಪಟ್ಟಿ) ಈಗಿಲ್ಲದ ಪಾರ್ಟಿಷನ್‌ನ ಯುಯುಐಡಿ, ಅಂದರೆ ಗುರುತಿನ ಸಂಖ್ಯೆ, ಉಳಿದಿರುತ್ತದೆ. ಬಿಎಲ್‌ಕೆಐಡಿ ತೋರಿಸುವ ಯುಯುಐಡಿಗಳ ಜೊತೆ ಹೋಲಿಸಿ, ಹೊಂದದ ಸಾಲಿನ ಮುಂದೆ ಹ್ಯಾಶ್ ಗುರುತು ಹಾಕಿ. ಸುಮಾರು 30 ಸೆಕೆಂಡ್ ನಿಂತು ರೆಸ್ಯೂಮ್ ಸಾಧನ (ಹೈಬರ್ನೇಟ್‌ನಿಂದ ಮರಳಲು ಬಳಸುವ ಸ್ವಾಪ್) ಸಿಗಲಿಲ್ಲ ಎಂದು ಬಂದರೆ, ಇನಿಟ್‌ರ‍್ಯಾಮ್‌ಎಫ್‌ಎಸ್-ಟೂಲ್ಸ್‌ನ ಕಾನ್ಫ್ ಡಾಟ್ ಡಿ ಫೋಲ್ಡರ್‌ನ ರೆಸ್ಯೂಮ್ ಫೈಲ್‌ನಲ್ಲಿ ಮೌಲ್ಯವನ್ನು ‘ನನ್’ (none) ಮಾಡಿ ಅಪ್‌ಡೇಟ್-ಇನಿಟ್‌ರ‍್ಯಾಮ್‌ಎಫ್‌ಎಸ್ ಓಡಿಸಿ. ಸ್ವಾಪ್ ಪಾರ್ಟಿಷನ್ ಅಳಿಸಿ ಝಡ್‌ರ‍್ಯಾಮ್ ಹಾಕಿದವರಿಗೆ ಇದು ಬರುವುದು ಸಹಜ.

ತಾರೀಕು ಹಿಂದೆ ಹೋದರೆ

ಬ್ರೌಸರ್‌ನಲ್ಲಿ ಯಾವ ಪುಟ ತೆರೆದರೂ ಸರ್ಟಿಫಿಕೇಟ್ ಎಚ್ಚರಿಕೆ, ಎಪಿಟಿ ಅಪ್‌ಡೇಟ್ ಮಾಡಿದರೆ ರಿಲೀಸ್ ಫೈಲ್ ಇನ್ನೂ ಜಾರಿಗೆ ಬಂದಿಲ್ಲ ಎಂಬ ತಕರಾರು, ಬೂಟ್‌ನಲ್ಲಿ ಡಿಸ್ಕ್‌ನ ಕೊನೆಯ ಮೌಂಟ್ ಸಮಯ ಭವಿಷ್ಯದಲ್ಲಿದೆ ಎಂಬ ದೂರು: ಮೂರಕ್ಕೂ ಮೂಲ ಒಂದೇ, ಸಿಮಾಸ್ ಬ್ಯಾಟರಿ. ಡೆಸ್ಕ್‌ಟಾಪ್‌ಗಳಲ್ಲಿ ಅದು ಸಿಆರ್2032. ಹೊಸದು 3 ವೋಲ್ಟ್‌ಗಿಂತ ತುಸು ಹೆಚ್ಚು ತೋರಿಸುತ್ತದೆ, ಮಲ್ಟಿಮೀಟರ್‌ನಲ್ಲಿ 2.8ಕ್ಕಿಂತ ಕಡಿಮೆ ಬಂದರೆ ಬದಲಿಸಿ. ಲ್ಯಾಪ್‌ಟಾಪ್‌ಗಳಲ್ಲಿ ಅದೇ ಬಿಲ್ಲೆಗೆ ವೈರ್ ಮತ್ತು ಕನೆಕ್ಟರ್ ಬೆಸೆದಿರುತ್ತಾರೆ, ಮಾದರಿ ನೋಡಿ ತರಬೇಕು. ಬ್ಯಾಟರಿ ಸತ್ತಾಗ ಬಯೋಸ್ ಸೆಟ್ಟಿಂಗ್‌ಗಳೂ ಮೂಲಸ್ಥಿತಿಗೆ ಹೋಗುವುದರಿಂದ ಎಎಚ್‌ಸಿಐ ಮತ್ತು ಬೂಟ್ ಕ್ರಮವನ್ನು ಮತ್ತೆ ನೋಡಿಕೊಳ್ಳಿ. ಬ್ಯಾಟರಿ ಸಿಗುವ ತನಕ ಸಿಸ್ಟಂಡಿ-ಟೈಮ್‌ಸಿಂಕ್‌ಡಿ ಚಾಲೂ ಇಟ್ಟರೆ ನೆಟ್ ಸಿಕ್ಕ ಕೂಡಲೇ ಸಮಯ ಸರಿಯಾಗುತ್ತದೆ.

ವೈಫೈ, ಕನ್ನಡ

ವೈಫೈ ಕಾಣಿಸದಿದ್ದರೆ ಮೊದಲು ವೈರ್‌ಲೆಸ್ ಸ್ವಿಚ್‌ಗಳ ಸ್ಥಿತಿ ತೋರಿಸುವ ಆರ್‌ಎಫ್‌ಕಿಲ್ ಪಟ್ಟಿ ನೋಡಿ. ‘ಹಾರ್ಡ್ ಬ್ಲಾಕ್ಡ್’ ಎಂದಿದ್ದರೆ ಲ್ಯಾಪ್‌ಟಾಪ್‌ನ ಅಂಚಿನಲ್ಲಿರುವ ಸ್ವಿಚ್ ಆಫ್ ಆಗಿದೆ. ಬ್ರಾಡ್‌ಕಾಮ್ 4311, 4318 ಚಿಪ್‌ಗಳಿಗೆ ಫರ್ಮ್‌ವೇರ್-ಬಿ43-ಇನ್‌ಸ್ಟಾಲರ್ ಬೇಕು, ಅದು ಫೈಲನ್ನು ನೆಟ್‌ನಿಂದಲೇ ಇಳಿಸಿಕೊಳ್ಳುವುದರಿಂದ ಆ ಹೊತ್ತಿಗೆ ಕೇಬಲ್ ಅಥವಾ ಫೋನ್‌ನ ಯುಎಸ್‌ಬಿ ಟೆದರಿಂಗ್ ಇರಲಿ.

ಹಗುರ ಡಿಸ್ಟ್ರೋಗಳಲ್ಲಿ ಕನ್ನಡದ ಜಾಗದಲ್ಲಿ ಚೌಕಗಳು ಬಂದರೆ ಫಾಂಟ್ಸ್-ಕೆಎನ್‌ಡಿಎ ಪ್ಯಾಕೇಜ್ ಹಾಕಿ, ಗುಬ್ಬಿ, ನವಿಲು ಫಾಂಟ್‌ಗಳು ಸಿಗುತ್ತವೆ. ಟೈಪ್ ಮಾಡಲು ಐಬಸ್ ಚೆನ್ನಾಗಿದೆ, ಆದರೆ ಸದಾ ಓಡುತ್ತಾ ರ‍್ಯಾಮ್ ಹಿಡಿದಿರುತ್ತದೆ. 1 ಜಿಬಿ ಯಂತ್ರದಲ್ಲಿ ಅದನ್ನು ಬಿಟ್ಟು ಮೂಲ ಕೀಬೋರ್ಡ್ ವ್ಯವಸ್ಥೆಯಾದ ಎಕ್ಸ್‌ಕೆಬಿಯಲ್ಲೇ ಇರುವ ಕಗಪ ವಿನ್ಯಾಸ ಬಳಸಿ. ಸೆಟ್‌ಎಕ್ಸ್‌ಕೆಬಿಮ್ಯಾಪ್‌ನಲ್ಲಿ ಲೇಔಟ್ ‘ಐಎನ್’, ವೇರಿಯಂಟ್ ‘ಕೆಎಎನ್-ಕಗಪ’ ಎಂದು ಕೊಟ್ಟರೆ ಸಾಕು. ಹಿಂದಿನ ಅಕ್ಷರ ನೋಡಿ ಮುಂದಿನದನ್ನು ಬದಲಿಸುವ ಜಾಣ್ಮೆ ಇದಕ್ಕಿಲ್ಲ, ಆದರೆ ಹಿನ್ನೆಲೆಯಲ್ಲಿ ಏನೂ ಓಡುವುದಿಲ್ಲ.

ಹೊಸ ಆವೃತ್ತಿ ಬೂಟೇ ಆಗದಿದ್ದರೆ

ಇಲ್ಲಿ ಮಾತ್ರ ಡಿಸ್ಟ್ರೋ ಆಯ್ಕೆಯೇ ಉತ್ತರ. ಎಲ್‌ಎಸ್‌ಸಿಪಿಯು ಓಡಿಸಿ. ಆಪ್-ಮೋಡ್ ಸಾಲಿನಲ್ಲಿ 64 ಬಿಟ್ ಇದ್ದರೆ 64 ಬಿಟ್ ಆವೃತ್ತಿಯನ್ನೇ ಹಾಕಿ. 2 ಜಿಬಿ ಯಂತ್ರದಲ್ಲಿ 32 ಬಿಟ್ ತುಸು ಕಡಿಮೆ ರ‍್ಯಾಮ್ ತಿನ್ನುವುದು ನಿಜ, ಆದರೆ ಆ ದಾರಿ ಮುಚ್ಚುತ್ತಿದೆ.

ಈ ಕರ್ನಲ್‌ಗೆ 64 ಬಿಟ್ ಸಿಪಿಯು ಬೇಕು ಎಂಬ ಸಂದೇಶಕ್ಕೆ ವಿವರಣೆ ಬೇಕಿಲ್ಲ. ಸಿಪಿಯು ಎಕ್ಸ್86-64-ವಿ2 ಬೆಂಬಲಿಸುವುದಿಲ್ಲ ಎಂದು ಜಿಲಿಬ್‌ಸಿ (ಪ್ರೋಗ್ರಾಂಗಳು ನೆಚ್ಚುವ ಮೂಲ ಲೈಬ್ರರಿ) ಹೇಳಿದರೆ, ಆ ಡಿಸ್ಟ್ರೋ ಎಸ್‌ಎಸ್‌ಇ 4.2 ಮತ್ತು ಪಾಪ್‌ಕೌಂಟ್ ಸೂಚನೆಗಳನ್ನು ಕೇಳುತ್ತಿದೆ. ಕೋರ್ 2 ಡ್ಯುಯೋದಲ್ಲಿ ಅವಿಲ್ಲ, ಮೊದಲ ತಲೆಮಾರಿನ ಕೋರ್ ಐ ಸರಣಿಯಲ್ಲಿವೆ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9 ವಿ2 ಕೇಳುತ್ತದೆ, 10 ಇನ್ನೂ ಮುಂದೆ ಹೋಗಿ ಎವಿಎಕ್ಸ್2 ಇರುವ ವಿ3 ಕೇಳುತ್ತದೆ. ಡೆಬಿಯನ್ 13 ಕೋರ್ 2 ಡ್ಯುಯೋದಲ್ಲಿ ಈಗಲೂ ನಡೆಯುತ್ತದೆ.

ಪಿಎಇ (32 ಬಿಟ್ ಸಿಪಿಯು 4 ಜಿಬಿಗಿಂತ ಹೆಚ್ಚು ರ‍್ಯಾಮ್ ತಲುಪುವ ಸೌಲಭ್ಯ) ಇಲ್ಲ ಎಂದು ನಿಂತ ಪೆಂಟಿಯಂ ಎಂ ಯಂತ್ರಗಳಲ್ಲಿ ಹಲವಕ್ಕೆ ಆ ಸಾಮರ್ಥ್ಯ ನಿಜಕ್ಕೂ ಇದೆ, ಚಿಪ್ ಅದನ್ನು ಹೇಳಿಕೊಳ್ಳುವುದಿಲ್ಲ ಅಷ್ಟೇ. ಬೂಟ್ ಸಾಲಿಗೆ ಫೋರ್ಸ್‌ಪಿಎಇ ಸೇರಿಸಿ ನೋಡಿ.

32 ಬಿಟ್ ಮಾತ್ರ ಬಲ್ಲ ಯಂತ್ರಗಳಿಗೆ, ಆಟಂ ಎನ್270 ಅದರಲ್ಲೊಂದು, ಡೆಬಿಯನ್ 12 ಕೊನೆಯ ಡೆಬಿಯನ್. 2025ರ ಆಗಸ್ಟ್‌ನಲ್ಲಿ ಬಂದ 13ರಲ್ಲಿ 32 ಬಿಟ್ ಕರ್ನಲ್ಲೂ ಇನ್‌ಸ್ಟಾಲರೂ ಇಲ್ಲ. ಪ್ಯಾಕೇಜ್ ಮೂಲಗಳ ಪಟ್ಟಿಯಲ್ಲಿ ಆವೃತ್ತಿಯ ಹೆಸರು ಬದಲಿಸಿ ಅಪ್‌ಗ್ರೇಡ್ ಮಾಡಲು ಹೋಗಬೇಡಿ. 12ಕ್ಕೆ ದೀರ್ಘಾವಧಿ ಬೆಂಬಲ 2028ರ ಜೂನ್‌ವರೆಗೆ ಎಂದು ಗೊತ್ತುಪಡಿಸಲಾಗಿದೆ. ಅದನ್ನು ಆಧರಿಸಿದ ಆಂಟಿಎಕ್ಸ್ 23, ಎಂಎಕ್ಸ್ 23 ಎರಡರಲ್ಲೂ 32 ಬಿಟ್ ಆವೃತ್ತಿ ಇದೆ. ವಾಯ್ಡ್ ಮತ್ತು ಆಲ್ಪೈನ್ ಕೂಡ 32 ಬಿಟ್ ಇನ್ನೂ ಕೈಬಿಟ್ಟಿಲ್ಲ. ಬ್ರೌಸರ್ ಮಾತ್ರ ಇಷ್ಟು ದಿನ ಕಾಯುವುದಿಲ್ಲ. 32 ಬಿಟ್ ಲಿನಕ್ಸ್‌ಗೆ ಕ್ರೋಮ್ 2016ರಲ್ಲೇ ನಿಂತಿತು. ಫೈರ್‌ಫಾಕ್ಸ್‌ನ ಮಾಮೂಲಿ ಆವೃತ್ತಿ 144ಕ್ಕೆ ಮುಗಿದು, ದೀರ್ಘ ಬೆಂಬಲದ ಇಎಸ್‌ಆರ್ 140 ಮಾತ್ರ ಉಳಿದಿದೆ, ಅದಕ್ಕೆ ಮೊಜಿಲ್ಲಾ ಹೇಳಿರುವ ಗಡುವು ಕನಿಷ್ಠ 2026ರ ಸೆಪ್ಟೆಂಬರ್‌ವರೆಗೆ. ಅಪ್‌ಡೇಟ್ ನಿಂತ ಬ್ರೌಸರ್‌ನಲ್ಲಿ ಬ್ಯಾಂಕ್ ಪುಟ, ಇಮೇಲ್ ತೆರೆಯಬೇಡಿ. ಲಿಬ್ರೆ ಆಫೀಸ್‌ನಲ್ಲಿ ಟೈಪಿಂಗ್, ಹಳೇ ಪ್ರಿಂಟರ್‌ಗೆ ಪ್ರಿಂಟ್ ಸರ್ವರ್, ಮನೆಯೊಳಗಿನ ಹಾಡು ಮತ್ತು ಫೋಟೋಗಳ ಫೈಲ್ ಸರ್ವರ್ ಕೆಲಸಕ್ಕೆ ಅದೇ 1 ಜಿಬಿ ಯಂತ್ರ ಈಗಲೂ ಸಾಕು. ಆ ಬಳಕೆಗೆ ಡೆಸ್ಕ್‌ಟಾಪ್ ಕೂಡ ಹಾಕದೆ, ಇನ್‌ಸ್ಟಾಲರ್‌ನಲ್ಲಿ ಎಸ್‌ಎಸ್‌ಎಚ್ ಸರ್ವರ್ ಮಾತ್ರ ಆರಿಸಿಕೊಳ್ಳಿ.